ಕುರ್ಚಿ ಅಕ್ಕನ ಒಪ್ಪಂದಗಳು

ವಿಶ್ವವಿದ್ಯಾಲಯಕ್ಕೂ ಹೊರಗಿನ ಸಂಸ್ಥೆಗಳಿಗೂ ಗಂಟು ಹಾಕಿಸುವುದು ಕುರ್ಚಿ ಅಕ್ಕನ ಕೆಲಸ. ಆಸ್ಪತ್ರೆಯಾಗಲಿ, ಕಾರ್ಖಾನೆಯಾಗಲಿ, ಒಪ್ಪಂದದ ಸಹಿಗೆ ಮೊದಲು ಒಳಗೆ ನುಗ್ಗಿ, "ನಮ್ಮ ಮಕ್ಕಳು ಬಂದ್ರೆ ಎಲ್ಲಿ ಕೂರ್ತಾರೆ? ಕುರ್ಚಿ ತೋರಿಸಿ" ಅನ್ನುತ್ತಾಳೆ. ತೋರಿಸಿದರೆ ತಾನೇ ಕೂತು ಅಲ್ಲಾಡಿಸಿ ನೋಡುತ್ತಾಳೆ. ಅವಳು ಬರುವ ಸುದ್ದಿ ಸಿಕ್ಕರೆ ಸಾಕು, ದೊಡ್ಡ ದೊಡ್ಡ ಸಂಸ್ಥೆಗಳೂ ಕುರ್ಚಿ ಒರೆಸತೊಡಗುತ್ತವೆ. ಸಹಿ ಹಾಕುವ ಫೋಟೋಗೆ ಅವಸರಪಡುವ ಕುಲಪತಿಗಳಿಗೂ ಮುಖಕ್ಕೆ ಹೊಡೆದ ಹಾಗೆ ಹೇಳುತ್ತಾಳೆ: "ಸಾರ್, ನಿಮ್ಮ ಗೋಡೆ ತುಂಬ ಮದುವೆ ಫೋಟೋನೇ. ಸಂಸಾರ ಎಲ್ಲಿ ನಡೀತಿದೆ, ಹೇಳಿ?" ಮೊನ್ನೆ ನೀರು ಪರೀಕ್ಷೆಯ ಪ್ರಯೋಗಾಲಯದ ನಿರ್ದೇಶಕ, "ಸಹಿ ಆಗ್ಲಿ ಮೇಡಂ, ಜಾಗ ಆಮೇಲೆ ನೋಡೋಣ" ಅಂದ. ಅಲ್ಲಿನ ಯಂತ್ರ ಸಿಗದಿದ್ದರೆ ಒಬ್ಬ ಹುಡುಗಿಯ ಸಂಶೋಧನೆಯೇ ಮಣ್ಣುಪಾಲು. ಆದರೂ ಅಕ್ಕ ಪೆನ್ನಿನ ಮುಚ್ಚಳ ತೆಗೆಯಲಿಲ್ಲ. "ಆಮೇಲೆ ಅನ್ನೋದ್ರ ಮೇಲೆ ಯಾರೂ ಕೂರಕ್ಕಾಗಲ್ಲ ಸ್ವಾಮಿ." ಕೊನೆಗೆ ಯಂತ್ರದ ಪಕ್ಕದಲ್ಲೇ ಹುಡುಗಿಗೊಂದು ಕುರ್ಚಿ ಹಾಕಿಸಿದ ಮೇಲೆಯೇ ಸಹಿ ಬಿತ್ತು. ಇಷ್ಟು ಬಾಯಿಜೋರಿನ ಹೆಂಗಸು, ಹುಡುಗಿ ಮೊದಲ ದಿನ ಅಲ್ಲಿಗೆ ಹೋದಾಗ, ಎದುರಿನ ಬಸ್ ನಿಲ್ದಾಣದ ಕಂಬದ ಮರೆಯಲ್ಲಿ ನಿಂತಿದ್ದಳು. ಕೂಗಲಿಲ್ಲ, ಕೈ ಬೀಸಲಿಲ್ಲ. ಬಂದ ಬಸ್ಸುಗಳನ್ನೆಲ್ಲ ಬಿಟ್ಟು ಗೇಟನ್ನೇ ನೋಡುತ್ತಿದ್ದಳು. ಹುಡುಗಿಯನ್ನು ಯಾರೂ ಹೊರಗೆ ಕಳಿಸಲಿಲ್ಲ ಎಂಬುದು ಖಾತ್ರಿಯಾದ ಮೇಲೆಯೇ ಅವಳು ಬಸ್ಸು ಹತ್ತಿದ್ದು.