ರೀಲು ಬದಲಿಸುವ ಹೊತ್ತಿನ ಮಾತು

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ನಮ್ಮೂರು ದೇವದುರ್ಗದ ಟೂರಿಂಗ್ ಟಾಕೀಸಿನಲ್ಲಿ ಮೈಕಿನವನಾಗಿದ್ದೆ. ಟೆಂಟಿನಲ್ಲಿ ಪ್ರೊಜೆಕ್ಟರ್ ಇದ್ದದ್ದು ಒಂದೇ. ಒಂದು ರೀಲು ಮುಗಿದು ಇನ್ನೊಂದನ್ನು ಏರಿಸುವವರೆಗೆ ಪರದೆ ಕತ್ತಲು. ಆ ಹೊತ್ತಿನಲ್ಲಿ ಜನ ಸಿಳ್ಳೆ ಹಾಕದಂತೆ ಮಾತಾಡುವುದು ನನ್ನ ಕೆಲಸ.

ಆ ವಾರ ರಾಜರ ಕಾಲದ ಸಿನಿಮಾ ಬಂದಿತ್ತು. ಕೋಟೆ ಬಾಗಿಲು ಕಾಯುವ ಮುಸಲ್ಮಾನನೊಬ್ಬ ಹೊನ್ನಿನ ಆಸೆಗೆ ಕೀಲಿಕೈಯನ್ನು ವೈರಿಗೆ ಕೊಟ್ಟು ರಾಜನನ್ನು ಕೊಲ್ಲಿಸುತ್ತಾನೆ. ಯಾವ ಕೋಟೆ ಎಂದು ಸಿನಿಮಾದಲ್ಲಿ ಇರಲಿಲ್ಲ. ನಾನು ಹೇಳಿದೆ.

“ಇದು ನಮ್ಮ ರಾಯಚೂರು ಕೋಟಿ ಕಥಿರೀ. ಆ ಕೀಲಿಕೈ ಕೊಟ್ಟವನ ವಂಶದವರು ಇನ್ನೂ ನಮ್ಮ ಸೀಮ್ಯಾಗ ಅದಾರ.”

ಇಡೀ ಟೆಂಟು ಗಪ್ಪಾಯಿತು. ಆ ರುಚಿಗೆ ಮರುದಿನವೂ ಹೇಳಿದೆ.

ಸುಳ್ಳೆಂದು ನನಗೆ ಗೊತ್ತಿತ್ತು. ಮಾನ್ವಿಯಲ್ಲಿ ಓದುವಾಗ ಇತಿಹಾಸದ ಮಾಸ್ತರರು ನಮ್ಮನ್ನು ರಾಯಚೂರು ಕೋಟೆಗೆ ಕರೆದೊಯ್ದು, ಉದ್ದ ಕಲ್ಲಿನ ಮೇಲಿನ ಬರಹ ಓದಿ, ಯಾವ ಗೋಡೆ ಯಾರ ಕಾಲದ್ದೆಂದು ತಿಳಿಸಿದ್ದರು. ಇಂಥ ಕಾವಲುಗಾರನ ಸುದ್ದಿ ಎಲ್ಲಿಯೂ ಇರಲಿಲ್ಲ. ಸಿನಿಮಾದ ರಾಜನ ಕಾಲಕ್ಕೆ ಈ ಕಡೆ ತೋಪುಗಳೇ ಬಂದಿರಲಿಲ್ಲ. ಪರದೆಯ ಮೇಲೆ ಅವು ಬೆಂಕಿ ಕಾರುತ್ತಿದ್ದವು.

ಬಜಾರಿನಲ್ಲಿ ಕೀಲಿ ರಿಪೇರಿ ಮಾಡುವ ಚಾಚಾ ಒಬ್ಬರಿದ್ದರು. ದುಡಿಯಲು ಊರು ಬಿಡುವವರು ಮನೆಯ ಕೀಲಿಕೈಯನ್ನು ಅವರ ಹತ್ತಿರ ಇಟ್ಟು ಹೋಗುವುದು ನಮ್ಮಲ್ಲಿ ರೂಢಿ. ಒಂದೊಂದಕ್ಕೂ ಆ ಮನೆಯ ಹಳೇ ಸೀರೆಯ ಚೂರು ಗುರುತಿಗೆ ಕಟ್ಟಿ, ಗೋಡೆಗೆ ತೂಗುಹಾಕುತ್ತಿದ್ದರು.

ಮೊದಲು ಬಜಾರಿನ ಹುಡುಗರದು ಬರೀ ತಮಾಷೆ.

“ಏನ್ ಚಾಚಾ, ಇವತ್ತು ಯಾವ ಕೋಟಿ ಮಾರೀರಿ?”

“ನಿಮ್ಮ ಮಾವಂದು ಲೇ. ಒಳಗ ಹೆಗ್ಗಣ ಬಿಟ್ರ ಏನೂ ಇರಲಿಲ್ಲ.”

ನಾಲ್ಕನೆಯ ದಿನ ಯಾರೂ ನಗಲಿಲ್ಲ. ಊರಲ್ಲಿ ಉಳಿದಿದ್ದ ಮುದುಕರು ಬಂದು ಮಕ್ಕಳ ಮನೆಯ ಕೀಲಿಕೈ ವಾಪಸು ಕೇಳಿದರು. ಮರುದಿನ ಹತ್ತು ಹನ್ನೆರಡು ಮಂದಿ ಅಂಗಡಿಗೆ ಮುತ್ತಿಗೆ ಹಾಕಿ, “ಎಷ್ಟು ಮನಿವು ಕಳ್ಳ ಕೀಲಿಕೈ ಮಾಡಿಟ್ಟಿ, ತಗಿ” ಎಂದರು. ಅವರಲ್ಲೊಬ್ಬನು ಚಾಚಾರ ಸುತ್ತಿಗೆಯನ್ನೇ ಅವರ ತಲೆಯ ಮೇಲೆ ಎತ್ತಿ ಹಿಡಿದಿದ್ದ. ಎದುರಿನ ಚಹಾದ ಹೋಟೆಲಿನಿಂದ ನೋಡುತ್ತಿದ್ದೆ. ಕುಳಿತಲ್ಲಿಂದ ಏಳಲಿಲ್ಲ.

ಸಂಜೆ ಚಾಚಾ ಟೆಂಟಿನ ಹಿಂದೆ ಬಂದರು.

“ಬೇಟಾ, ಮನ್ಯಾಗ ಹೆಣ್ಮಕ್ಕಳು ಹೊರಗ ಬರಾಕ ಅಂಜಾಕತ್ತಾರ. ಜನ ನಿನ್ನ ಮೈಕಿನ ಮಾತು ನಂಬ್ಯಾರ. ಅದು ಸುಳ್ಳಂತ ಅದೇ ಮೈಕಿನಾಗ ಒಮ್ಮಿ ಹೇಳಿಬಿಡು. ನಾವು ಇಲ್ಲೇ ಇರ್ತೀವಿ.”

“ಹೇಳ್ತೀನಿ ಚಾಚಾ.”

ಮೊದಲ ರೀಲು ಮುಗಿಯಿತು. ಮೈಕು ಹಿಡಿದೆ. ಮುಂದೆಯೇ ಸುತ್ತಿಗೆ ಎತ್ತಿದ್ದವನು ಬೀಡಿ ಸೇದುತ್ತ ಕುಳಿತಿದ್ದ. “ಆ ಕೀಲಿಕೈ ಕೊಟ್ಟವಂದು ಹೇಳು ಲೇ” ಎಂದ. ನಿಜ ಹೇಳಿದರೆ ಅದೇ ಸುತ್ತಿಗೆ ನನ್ನ ಕಡೆ ತಿರುಗುತ್ತದೆ ಎನಿಸಿತು. “ನಾಳೆ ಎರಡು ಆಟ” ಎಂದಷ್ಟೇ ಹೇಳಿದೆ. ಮುಂದಿನ ರೀಲಿಗೆ ಹೇಳಿದರಾಯಿತು, ಅದರ ಮುಂದಿನದಕ್ಕೆ ಹೇಳಿದರಾಯಿತು ಎನ್ನುತ್ತಲೇ ಸಿನಿಮಾ ಮುಗಿದುಹೋಯಿತು. ಜನ ಎದ್ದು ಹೋದರು.

ಬೆಳಿಗ್ಗೆ ಚಾಚಾ ನನ್ನ ಮನೆಗೆ ಬಂದು ಉಳಿದ ಕೀಲಿಕೈಗಳ ಗೊಂಚಲನ್ನು ಕೈಗಿಟ್ಟರು. “ಬಂದವರಿಗೆ ಕೊಡು. ನಿನ್ನ ನಂಬ್ತಾರ.” ಹೆಂಡತಿ ಮಕ್ಕಳೊಂದಿಗೆ ರಾಯಚೂರು ಬಸ್ಸು ಹತ್ತಿದರು.

ಕೆಲವು ತಿಂಗಳ ಮೇಲೆ ದುಡಿದು ಮರಳಿದ ಹೆಂಗಸೊಬ್ಬಳು ಕೀಲಿಕೈ ಒಯ್ದು, ಮನೆ ತೆರೆದು ನೋಡಿ, ಮತ್ತೆ ನನ್ನಲ್ಲಿಗೆ ಬಂದಳು.

“ಒಂದು ಸೂಜಿನೂ ಹೋಗಿಲ್ಲಪ್ಪ. ಚಾಚಾ ಯಾಕ ಊರು ಬಿಟ್ರು?”

“ರಾಯಚೂರಾಗ ಚಲೋ ಅಂಗಡಿ ಸಿಕ್ತಂತವ್ವಾ.”

“ಒಳ್ಳೇದಾತು ಬಿಡು. ಹೋದಾಗ ಕಂಡು ಬರ್ತೀನಿ. ಅಂಗಡಿ ಎಲ್ಲಿ ಅದ?”

ಬಾಯಿಗೆ ಬಂದ ಒಂದು ಓಣಿಯ ಹೆಸರು ಹೇಳಿದೆ.