ಕಡ್ಡಿ ಗೀರಿ ನೋಡುವ ಶಾಂತಾರಾಮ ಟೇಲರ

ಶಾಂತಾರಾಮ ಟೇಲರನ ಹೆಸರು ಮಾದೇವಿಯ ಕಿವಿಗೆ ಮೊದಲ ಸಲ ಬಿದ್ದದ್ದು ಗಜನಿಯ, ಎಂದರೆ ಹೊಳೆಯಂಚಿನ ಗದ್ದೆಬಯಲಿನ, ಒಡ್ಡು ಸೋರಿದ ದಿನ. ಕಾಗಾಲದಲ್ಲಿ ಒಡ್ಡು ಸೋರಿತು ಎಂದರೆ ಕೇರಿಗೆ ಬೆಂಕಿ ಬಿದ್ದ ಹಾಗೆ. ಉಣ್ಣುತ್ತಿದ್ದವರು ಎಂಜಲು ಕೈಯಲ್ಲೇ ಎದ್ದು ಓಡುತ್ತಾರೆ. ಒಡ್ಡಿನ ಒಳಗೆ ಕಗ್ಗ ಭತ್ತದ ಗದ್ದೆ, ಹೊರಗೆ ಅಘನಾಶಿನಿಯ ಉಪ್ಪುನೀರು, ನಡುವೆ ಮಣ್ಣಿನ ಒಂದು ದಿಬ್ಬ, ಅಷ್ಟೇ. ಕಗ್ಗ ಉಪ್ಪು ತಡೆಯುವ ಭತ್ತವೇನೋ ಹೌದು, ಆದರೆ ಹೊಳೆಯೇ ಒಳಗೆ ಬಂದು ಕೂತರೆ ಅದಾದರೂ ಎಷ್ಟು ತಡೆದೀತು? ಮಾದೇವಿಗೆ ಆ ದಿಬ್ಬದ ಎರಡೂ ಕಡೆ ಅನ್ನವಿತ್ತು. ಒಳಗೆ ತೀರಿಹೋದ ಗಂಡನ ಪಾಲಿಗೆ ಬಂದ ತುಂಡು ಗದ್ದೆ. ಹೊರಗೆ ಇಳಿತದ ಹೊತ್ತಿಗೆ ಕೆಸರಲ್ಲಿ ಕೂತು ಹೆಕ್ಕುವ ಬಳಚು. ಬಳಚು ಎಂದರೆ ಬೆರಳ ತುದಿಯಷ್ಟು ಮಾಂಸವಿರುವ ಚಿಪ್ಪು. ಕುಮಟೆಯ ಮೀನುಪೇಟೆಯಲ್ಲಿ ರಾಶಿ ಹಾಕಿಕೊಂಡು ಕೂತರೆ ಮಧ್ಯಾಹ್ನದೊಳಗೆ ಬುಟ್ಟಿ ಖಾಲಿ.

ಆ ದಿನ ಏಡಿ ಕೊರೆದ ತೂತುಗಳಲ್ಲಿ ನೀರು ಗುಳುಗುಳು ಎನ್ನುತ್ತಿತ್ತು. ಹೆಂಗಸರು ಹುಲ್ಲಿನ ಕಟ್ಟಿಗೆ, ಜೇಡಿಮಣ್ಣಿಗೆ ಓಡಾಡುತ್ತಿರುವಾಗ ಅವಳ ಮೈದುನ ನಾರಾಯಣ ರಿಕ್ಷಾ ತುಂಬ ಗೋಣಿಚೀಲ ಹೇರಿಕೊಂಡು ಬಂದಿಳಿದ.

"ಅತ್ತಿಗೆ, ಹುಲ್ಲು ಬಿಡಿ! ಚಿಂದಿ ತಂದಿದ್ದೆ, ಚಿಂದಿ! ಗಿಡಿದು ತುಂಬ್ಸಿದ್ರೆ ಏಡಿ ಅಪ್ಪನಿಗೂ ಕೊರೀಲಿಕ್ಕೆ ಆಗೂದಿಲ್ಲ."

"ಇಷ್ಟು ಚಿಂದಿ ಯಾರು ಕೊಟ್ರಾ ನಿಂಗೆ?"

"ಕುಮಟೆಯ ಶಾಂತಾರಾಮ ಟೇಲರ. ಅಂಗಡಿ ಹಿಂದೆ ಮಾಡಿನವರೆಗೆ ಪೇರ್ಸಿಟ್ಟಿದ್ದ. ಒಂದು ಚೂರೂ ಬೀದಿಗೆ ಹಾಕೂದಿಲ್ಲಂತೆ."

"ಎಂತ, ತಲೆಗಿಲೆ ಕೆಟ್ಟದ್ಯಾ ಅವ್ನಿಗೆ?"

"ಕೆಟ್ಟದ್ದೇ ಒಳ್ಳೇದಾತು ನೋಡಿ. ಎತ್ತಿ, ಎತ್ತಿ!"

ಎಲ್ಲರೂ ನಕ್ಕರು, ಎತ್ತಿದರು, ತುಂಬಿದರು, ಮೇಲೆ ಜೇಡಿಮಣ್ಣು ಮೆತ್ತಿದರು. ನೀರು ನಿಂತಿತು. ಅಂದಿನಿಂದ ಪ್ರತಿ ಬೇಸಗೆಗೂ ಒಡ್ಡು ರಿಪೇರಿ ಎಂದರೆ ಶಾಂತಾರಾಮನ ಚೀಲ ಎಂದಾಯಿತು. ಬಟ್ಟೆ ಎಂದರೆ ಮಣ್ಣಲ್ಲಿ ಕೊಳೆತು ಮಣ್ಣೇ ಆಗುವ ವಸ್ತು ಎಂದು ಕಾಗಾಲದವರೂ ತಿಳಿದಿದ್ದರು, ಕೊಟ್ಟವನೂ ತಿಳಿದಿದ್ದ.

ಮುಂದೊಂದು ದಿನ ಬಳಚು ಮಾರಿ ಬರುವಾಗ ಮಾದೇವಿ ಅವನ ಅಂಗಡಿ ಹುಡುಕಿಕೊಂಡು ಹೋದಳು. ಕೊರಳಲ್ಲಿ ಟೇಪು, ಕಿವಿಯ ಮೇಲೆ ಸೀಮೆಸುಣ್ಣದ ಚೂರು, ಮೂಗಿನ ತುದಿಯಲ್ಲಿ ಕನ್ನಡಕ ಹಾಕಿಕೊಂಡ ಸಪೂರ ಮನುಷ್ಯ ತುಳಿಮಿಷನ್ನಿನ ಮೇಲೆ ಬಗ್ಗಿದ್ದ. ಅವನು ಬಟ್ಟೆ ಕತ್ತರಿಸುವುದನ್ನು ನೋಡುವುದೇ ಒಂದು ಚಂದ. ಕತ್ತರಿ ಹೋದ ದಾರಿಯಲ್ಲಿ ಉಳಿದ ಚೂರನ್ನು ಎಡಗೈ ತಾನಾಗಿಯೇ ಹಿಡಿದು ಕಾಲಡಿಯ ಗೋಣಿಗೆ ಹಾಕುತ್ತಿತ್ತು, ಕಣ್ಣು ಅತ್ತ ಹೋಗುತ್ತಲೇ ಇರಲಿಲ್ಲ.

"ಕಾಗಾಲದವಳಾ? ಬಾ, ಕೂರು ತಂಗಿ! ಒಡ್ಡು ಹೆಂಗದೆ? ನನ್ನ ಚಿಂದಿ ಗಟ್ಟಿ ನಿಂತದ್ಯಾ?" ಎಂದು ಮಗಳ ಬಾಣಂತನ ವಿಚಾರಿಸಿದ ಹಾಗೆ ಕೇಳಿದ.

ಕೂತಲ್ಲಿಯೇ ತನ್ನ ಕತೆಯನ್ನೆಲ್ಲ ಹೇಳಿದ. ಹುಟ್ಟಿದ್ದು ಹೊನ್ನಾವರದ ಮಾವಿನಕುರ್ವೆಯಲ್ಲಿ, ಶರಾವತಿಯ ನಡುವಿನ ನಡುಗಡ್ಡೆ. ಅಪ್ಪ ಬಲೆ ಹಾಕುತ್ತಿದ್ದ, ಅವ್ವ ಹಳೇ ಸೀರೆ, ಚೂರುಪಾರು ಸೇರಿಸಿ ಕೌದಿ ಹೊಲಿಯುತ್ತಿದ್ದಳು. ಇವನಿಗೆ ದೋಣಿ ಹತ್ತಿದರೆ ತಲೆ ತಿರುಗುತ್ತಿತ್ತು. ಮೀನುಗಾರನ ಮಗನಿಗೆ ನೀರು ಕಂಡರೆ ವಾಂತಿ ಎಂದು ಇಡೀ ಕುರ್ವೆ ನಗುತ್ತಿತ್ತಂತೆ. ಕಡೆಗೆ ಅವ್ವನೇ ಕುಮಟೆಯ ಟೇಲರನೊಬ್ಬನ ಬಳಿ ಬಿಟ್ಟಳು. ಬಿಡುವಾಗ ಹೇಳಿದ ಮಾತು ಒಂದೇ: ಬಟ್ಟೆಯ ಚೂರನ್ನು ಬೀದಿಗೆ ಬಿಸಾಡಬೇಡ, ಅದೂ ಒಬ್ಬರ ಮೈ ಮುಚ್ಚುವಂಥದ್ದು. ಆ ಮಾತನ್ನು ಅವನು ಹಲ್ಲು ಕಚ್ಚಿ ಹಿಡಿದಿದ್ದ. ಹೆಂಡತಿ ಇದ್ದಾಗ ಅವಳೂ ಬೈದಳು, ಮಗಳು ಮಾಲತಿಯೂ ಬೈದಳು. ಚಿಂದಿ ಮಾತ್ರ ಬೀದಿಗೆ ಬೀಳಲಿಲ್ಲ.

ಅವ್ವನ ಕಾಲದಲ್ಲಿ ಚೂರೆಂದರೆ ಹತ್ತಿಯ ಚೂರು. ಇವನ ಕಾಲಕ್ಕೆ ಬಂದದ್ದು ಹೊಳೆಯುವ, ಇಸ್ತ್ರಿ ಬೇಡದ, ಬಣ್ಣ ಬಿಡದ ಪಾಲಿಸ್ಟರ್. ಶಾಲೆ ಮಕ್ಕಳ ಯೂನಿಫಾರಂ, ಮದುವೆಯ ಮಿರಿಮಿರಿ ಬ್ಲೌಸು, ಬ್ಯಾಂಡಿನವರ ಕೆಂಪು ಕೋಟು, ಎಲ್ಲ ಅದೇ. ಗೋಣಿಯೊಳಗೆ ಎರಡೂ ಒಂದಾಗಿ ಕೂತವು.

ಹೀಗಿರುವಾಗ ಒಂದು ಬೇಸಗೆಯಲ್ಲಿ, ಬಳಚು ಬೇಯಿಸಿ ಬಿಡಿಸುತ್ತಿದ್ದ ಮಾದೇವಿಯ ಉಗುರಿಗೆ ಕೂದಲಿನಂಥದ್ದು ಸಿಕ್ಕಿತು. ಎಳೆದಳು. ಕೂದಲಲ್ಲ, ಗಿಳಿಹಸಿರು ದಾರ. ಇನ್ನೊಂದರಲ್ಲಿ ಕೆಂಪು. ಆ ವಾರವೇ ಕಾಲೇಜಿನ ಹುಡುಗಿ ಅಂಕಿತಾ ಓದಿನ ಕೆಲಸಕ್ಕೆಂದು ಹೊಳೆದಂಡೆಗೆ ಬಳಚು ಕೇಳಿಕೊಂಡು ಬಂದಿದ್ದಳು. ಮಾದೇವಿ ಆ ದಾರವನ್ನು ಅವಳ ಅಂಗೈಗೆ ಇಟ್ಟಳು.

"ಇದೆಂತ ತಂಗಿ, ಬಳಚಿಗೂ ಲಂಗ ಹೊಲಿಸ್ತ್ರಾ ಈಗ?"

ಹುಡುಗಿ ನಗಲಿಲ್ಲ. ಚೀಲದಿಂದ ಭೂತಗನ್ನಡಿ ತೆಗೆದು ನೋಡಿದಳು, ಮಾದೇವಿಗೂ ತೋರಿಸಿದಳು. ಕಣ್ಣಿಗೆ ಕಾಣುವ ಒಂದು ದಾರದ ಸುತ್ತ ಕಾಣದಷ್ಟು ಸಣ್ಣ ಎಳೆಗಳ ಹಿಂಡೇ ಇತ್ತು.

"ಮಾದೇವಕ್ಕಾ, ಪಾಲಿಸ್ಟರ್ ಅಂದ್ರೆ ದಾರದ ವೇಷ ಹಾಕಿದ ಪ್ಲಾಸ್ಟಿಕ್ಕು. ಅದು ಕೊಳೆಯೂದಿಲ್ಲ. ಸಣ್ಣ ಆಗ್ತಾ ಆಗ್ತಾ ಹೋಗ್ತದೆ ಅಷ್ಟೇ. ಮೈಕ್ರೋಪ್ಲಾಸ್ಟಿಕ್ ಅಂತಾರೆ. ಬಳಚು ನೀರು ಸೋಸಿ ತಿನ್ನೂ ಜೀವ ಅಲ್ದಾ, ನೀರಲ್ಲಿದ್ದದ್ದು ಅದ್ರ ಹೊಟ್ಟೆಗೆ. ಅಲ್ಲಿಂದ ನಮ್ಮ ಹೊಟ್ಟೆಗೆ."

"ಎಲ್ಲಿಂದ ಬಂತು ಇದು?"

"ಎಲ್ಲಾ ಕಡೆಯಿಂದ. ಹರಿದ ಬಲೆ, ಬಟ್ಟೆ ಒಗೆದ ನೀರು..."

ಮಾದೇವಿ ಮುಂದಿನದನ್ನು ಕೇಳಿಸಿಕೊಳ್ಳಲಿಲ್ಲ. ಆ ಗಿಳಿಹಸಿರನ್ನು ಅವಳು ಎಲ್ಲಿ ನೋಡಿದ್ದಳು ಎಂದು ನೆನಪಾಗಿತ್ತು. ಸೀದಾ ಒಡ್ಡಿಗೆ ಓಡಿದಳು. ಹೊಳೆಯ ಬದಿಯ ಮೆತ್ತಿಗೆ ಕಳಚಿದ ಕಡೆ ಕೈ ಹಾಕಿ ಕೆದಕಿದಳು. ಗೋಣಿ ಕೊಳೆತು ಮಣ್ಣಾಗಿತ್ತು. ಒಳಗಿನ ಚಿಂದಿ ನಿನ್ನೆ ಕತ್ತರಿಸಿದ ಹಾಗೆ ಮಿರಿಮಿರಿ ಎನ್ನುತ್ತಿತ್ತು! ಅಂಚೆಲ್ಲ ಬಿಚ್ಚಿಕೊಂಡು ನೀರಿನಲ್ಲಿ ಗಡ್ಡದ ಹಾಗೆ ಅಲ್ಲಾಡುತ್ತಿತ್ತು.

ಮರುದಿನ ಮೀನುಪೇಟೆಗೆ ಹೋಗುವ ಮೊದಲೇ ಅವಳು ಶಾಂತಾರಾಮನ ಅಂಗಡಿಯಲ್ಲಿದ್ದಳು. ಬಾಯಿಬಿಟ್ಟ ಬಳಚನ್ನು ಅವನ ಇಸ್ತ್ರಿ ಮೇಜಿನ ಮೇಲೆ ಕುಕ್ಕಿದಳು.

"ಶಾಂತಣ್ಣಾ, ನಿನ್ನ ಗಿರಾಕಿ ಬಂದದೆ, ಅಳತೆ ತಕೋ!"

ಅವನು ಕನ್ನಡಕ ಏರಿಸಿ ದಾರವನ್ನು ನೋಡಿದ. ಮೊದಲು, "ಈ ಬಣ್ಣ ನನ್ನದೇ" ಎಂದ. ಆಮೇಲೆ, "ಆದ್ರೆ ಬಟ್ಟೆ ಕೊಳೀಬೇಕಿತ್ತಲ್ಲ" ಎಂದ. ಆಮೇಲೆ ಬೆಂಕಿಪೆಟ್ಟಿಗೆ ಹುಡುಕಿದ. ಟೇಲರರಿಗೆ ಬಟ್ಟೆ ಯಾವುದೆಂದು ತಿಳಿಯುವ ಹಳೇ ಉಪಾಯ ಅದು. ಅಂಗಿಯ ಗಿರಾಕಿ ಇದು ಹತ್ತಿಯೋ ಮಿಕ್ಸೋ ಎಂದು ಕೇಳಿದರೆ ಒಂದು ಎಳೆಗೆ ಕಡ್ಡಿ ಗೀರಿ ತೋರಿಸುತ್ತಿದ್ದ. ಹತ್ತಿಯ ಎಳೆ ಕಾಗದದ ಹಾಗೆ ಉರಿದು ಬೂದಿಯಾಯಿತು. ಹಸಿರು ಎಳೆ ಮುದುರಿತು, ಕರಗಿತು, ತುದಿಯಲ್ಲಿ ಗಟ್ಟಿ ಕರೀ ಗುಂಡು ಕಟ್ಟಿತು. ನೂರಾರು ಸಲ ನೋಡಿದ ಗುಂಡು. ಆದರೆ ಮಣ್ಣಿಗೆ ಹಾಕಿದರೆ ಇದು ಎಂತ ಆಗುತ್ತದೆ ಎಂದು ಒಂದು ಸಲವೂ ಯೋಚಿಸಿರಲಿಲ್ಲ.

ಆ ಗುಂಡನ್ನು ಅವನು ಬೆರಳಲ್ಲಿ ತಿರುಗಿಸಿ ತಿರುಗಿಸಿ ನೋಡಿದ. ಮಾದೇವಿಯ ಸಿಟ್ಟು ಅಷ್ಟರಲ್ಲೇ ಅರ್ಧ ಇಳಿಯಿತು.

"ಬೀದಿಗೆ ಹಾಕ್ಲಿಲ್ಲ ಅಂತ ಬೀಗಿದೆ" ಎಂದ ಕಡೆಗೆ. "ಹೊಳೆಗೇ ಹಾಕಿದೆ ತಂಗಿ."

ಇದ್ದಕ್ಕಿದ್ದಂತೆ ಎದ್ದು ಕೊರಳ ಟೇಪು ಕಿತ್ತು ಮೊಳೆಗೆ ನೇತುಹಾಕಿದ. "ನಡೆ, ಕಾಗಾಲಕ್ಕೆ ಹೋಗ್ವ. ನನ್ನದು ನಾನು ತೆಗೀತೆ."

"ಹೋಗ್ವ ಅಂದ್ರೆ ಹೋದ ಹಾಗಾ? ಚೀಲ ತೆಗೆದ್ರೆ ಒಡ್ಡು ಒಡೀತದೆ!"

ಅದೇ ಮಾತನ್ನು ನಾರಾಯಣ ಒಡ್ಡಿನ ಮೇಲೆ ನಿಂತು ಇನ್ನೂ ಜೋರಾಗಿ ಹೇಳಿದ. ಮಳೆಗಾಲ ಬಾಗಿಲಲ್ಲಿ ನಿಂತಿತ್ತು, ಕಗ್ಗದ ಬೀಜ ಮೊಳಕೆಗೆ ಹಾಕುವ ಹೊತ್ತು. "ಬಳಚಿನ ಹೊಟ್ಟೆ ನೋಡೂಕೆ ಹೋಗಿ ನಮ್ಮ ಹೊಟ್ಟೆಗೆ ಉಪ್ಪುನೀರು ಕುಡಿಸ್ತ್ಯಾ ಅತ್ತಿಗೆ?"

"ಎರಡೂ ನಂದೇ ಹೊಟ್ಟೆ ನಾರಾಯಣಾ. ಒಳಗಿದ್ದು ಸಾಯ್ಲಿ ಅಂತ ನಾನು ಹೇಳ್ತ್ನಾ? ಇಳಿತದಲ್ಲಿ ಒಂದೊಂದೇ ಚೀಲ ತೆಗೂದು, ತೆಗೆದ ಕೂಡ್ಲೆ ಹುಲ್ಲು-ಜೇಡಿ ತುಂಬೂದು. ನಿನ್ನ ಅಪ್ಪ ಹಂಗೇ ಕಟ್ತಿದ್ದ. ನಮಗೆ ಸೋಮಾರಿತನ ಬಂದು ಚಿಂದಿ ಹಿಡ್ಕಂಡ್ವಿ."

ಅಪ್ಪನ ಹೆಸರು ಎತ್ತಿದ ಮೇಲೆ ನಾರಾಯಣ ಪಂಚೆ ಎತ್ತಿ ಕಟ್ಟಿದ. "ಒಡೆದ್ರೆ ನಿಮ್ಮ ಟೇಲರನ್ನೇ ತೂತಿಗೆ ತುಂಬಿಸ್ತೆ, ನೋಡಿ ಮತ್ತೆ" ಎಂದ.

ಅವನ ನಾಲಿಗೆಯ ಮೇಲೆ ಮಚ್ಚೆ ಇತ್ತೋ ಏನೋ, ಆಡಿದ್ದೇ ಆಯಿತು! ಬೆಳಗಿನ ಇಳಿತಕ್ಕೆ ಇಡೀ ಕೇರಿ ಒಡ್ಡಿಗಿಳಿಯಿತು. ಗಂಡಸರು ಕಿತ್ತರು, ಹೆಂಗಸರು ಜೇಡಿ ಹೊತ್ತರು, ಅಂಕಿತಾ ಕೂಡ ಚೂಡಿದಾರದ ಶಾಲು ಸೊಂಟಕ್ಕೆ ಕಟ್ಟಿಕೊಂಡು ಹುಲ್ಲು ಎಸೆದಳು. ಶಾಂತಾರಾಮ ಬಲೆ ಹಿಡಿದು ಹೊಳೆ ಬದಿಯಲ್ಲಿ ನಿಂತ, ತೇಲಿಹೋಗುವ ಚೂರು ಹಿಡಿಯಲು. ನೀರು ಕಂಡರೆ ತಲೆತಿರುಗುವ ಮನುಷ್ಯ ಸೊಂಟದ ಮಟ್ಟ ಹೊಳೆಯಲ್ಲಿ! ಚೀಲದ ಮೇಲೆ ಚೀಲ ಹೊರಬಿತ್ತು. ಹಾಡು ಬರುವ ಹೆಂಗಸರು ಸಸಿ ನೆಡುವಾಗಿನ ನೆಟ್ಟಿಯ ಹಾಡಿನ ಧಾಟಿಗೆ ಟೇಲರನ ಹೆಸರು ಸೇರಿಸಿ ಹಾಡಿದರು, ಅವನು ನಾಚಿಕೊಂಡು ಬಲೆ ಕೈತಪ್ಪಿಸಿಕೊಂಡ, ಮತ್ತೆ ನಗು.

ಕಡೆಯ ಚೀಲ ತೂಬಿನ ಪಕ್ಕದ್ದು. ಬೇರಿನ ಹಾಗೆ ಕಚ್ಚಿಕೊಂಡಿತ್ತು. ಎಳೆದರು, ಬರಲಿಲ್ಲ. ಅಷ್ಟರಲ್ಲಿ ಹೊಳೆ ತಿರುಗಿತು. ಉಬ್ಬರದ ಮೊದಲ ಅಲೆ ಹೊಳೆದಂಡೆಯ ಕಾಂಡ್ಲಾ ಗಿಡಗಳ ಬುಡ ಮುಟ್ಟಿತು.

"ಬಿಡ್ರಾ, ಅದೊಂದು ಇರ್ಲಿ!" ಎಂದು ಯಾರೋ ಕೂಗಿದರು. ಅದೇ ಕ್ಷಣಕ್ಕೆ ಚೀಲ ಫಕ್ಕನೆ ಕಿತ್ತು ಬಂತು, ಎಳೆದವರು ಅಂಗಾತ ಬಿದ್ದರು, ತೂತಿನಿಂದ ನೀರು ಗದ್ದೆಗೆ ನುಗ್ಗಿತು. ಜೇಡಿಯ ಬುಟ್ಟಿಗಳು ಇನ್ನೂ ದೂರ ಇದ್ದವು. ಮಾದೇವಿ ಬುಟ್ಟಿಗಳ ಕಡೆಗೆ ಓಡಿದಳು. ತನ್ನ ಗದ್ದೆ, ಕೇರಿಯ ಗದ್ದೆ, ತನ್ನ ಮಾತು ನಂಬಿ ಇಳಿದ ಇಷ್ಟು ಜನ.

ನೋಡುವಷ್ಟರಲ್ಲಿ ಶಾಂತಾರಾಮ ಬಲೆ ಬಿಸಾಡಿ, ಬೆನ್ನು ಕೊಟ್ಟು ತೂತಿನಲ್ಲಿ ಕೂತುಬಿಟ್ಟಿದ್ದ! ಗಿಡಿದ ಹಾಗೆ ಕೂತಿದ್ದ. ಸಪೂರ ಬೆನ್ನು, ಆದರೂ ನೀರು ಅರ್ಧಕ್ಕರ್ಧ ನಿಂತಿತು.

"ಏ ಟೇಲರಾ, ಏಳ್ಬೇಡ! ಏಳ್ಬೇಡ ಮಾರಾಯಾ!" ನಾರಾಯಣ ಕಿರುಚಿದ.

"ಏಳೂದು ಹೆಂಗೆ, ಸಿಕ್ಕಿಹಾಕ್ಕಂಡಿದ್ದೆ! ಏನೋ ಕಚ್ತು! ಏಡಿ! ಏಡಿ ಮಾರಾಯ್ರೇ!"

ಎಲ್ಲರೂ ನಗುತ್ತ, ಅಳುತ್ತ, ಒಬ್ಬರ ಮೇಲೊಬ್ಬರು ಬೀಳುತ್ತ ಜೇಡಿ ತಂದರು. ಅವನ ಎರಡೂ ಬದಿಗೆ ಹುಲ್ಲು ಜಡಿದು, ಮಣ್ಣು ಮೆತ್ತಿ, ಕಡೆಗೆ ನಾರಾಯಣನೇ ಅವನ ಕಂಕುಳಿಗೆ ಕೈಹಾಕಿ ಎತ್ತಿದ. ಎತ್ತಿದ ಜಾಗಕ್ಕೆ ಮಾದೇವಿ ದೊಡ್ಡ ಜೇಡಿಯುಂಡೆ ಒತ್ತಿದಳು. ಉಬ್ಬರ ಬಂದು ಒಡ್ಡಿಗೆ ತಲೆ ಬಡಿದು ಹಿಂದೆ ಹೋಯಿತು. ಒಡ್ಡು ನಿಂತಿತ್ತು.

"ತುಂಬಿಸ್ತೆ ಅಂದಿದ್ದೆ, ತುಂಬಿಸ್ದೆ" ಎಂದ ನಾರಾಯಣ, ತನ್ನ ತೋರ್ತಿನಿಂದ ಟೇಲರನ ಬೆನ್ನು ಒರೆಸುತ್ತ.

ಆ ವರ್ಷ ಕಗ್ಗ ಬೆಳೆಯಿತು. ತೆಗೆದ ಚಿಂದಿಯೆಲ್ಲ ಒಣಗಿ ಮತ್ತೆ ಶಾಂತಾರಾಮನ ಅಂಗಡಿ ಹಿಂದೆ ರಾಶಿ ಬಿತ್ತು. ಅಲ್ಲಿ ಕೂತು ಅವನೂ ಮಾದೇವಿಯೂ ಕಡ್ಡಿ ಗೀರಿ ಗೀರಿ ಬೇರೆ ಮಾಡಿದರು. ಹತ್ತಿಯದು ಕೌದಿಗೆ. ಗುಂಡು ಕಟ್ಟುವುದನ್ನು ಏನು ಮಾಡುವುದು? ಕೌದಿ ಮಾಡಿದರೆ ಒಗೆಯಬೇಕು, ಒಗೆದರೆ ಎಳೆ ಮತ್ತೆ ಹೊಳೆಗೆ ಎಂದು ಅಂಕಿತಾ ಹೇಳಿದ್ದಳು. ಯೋಚಿಸಿ ಯೋಚಿಸಿ ಶಾಂತಾರಾಮ ತೊಡೆ ತಟ್ಟಿದ. "ನೀರು ಕಾಣದ ಜಾಗ ಬೇಕು ಅದಕ್ಕೆ!" ದಪ್ಪ ಹತ್ತಿಯ ಚೀಲದೊಳಗೆ ಆ ಚೂರುಗಳನ್ನು ಗಿಡಿದು ಹೊಲಿದು ಟೆಂಪೊ ಡ್ರೈವರುಗಳ ಸೀಟಿಗೆ, ಚಾ ಅಂಗಡಿಯ ಬೆಂಚಿಗೆ ದಿಂಬು ಮಾಡಿದ. ಇಂದಿಗೂ ಗೋಕರ್ಣದ ದಾರಿಯ ಎಷ್ಟೋ ಟೆಂಪೊಗಳಲ್ಲಿ ಡ್ರೈವರ ಕೂತಿರುವುದು ಕಾಗಾಲದ ಒಡ್ಡಿನ ಮೇಲೇ. ಯೂನಿಫಾರಂ ಹೊಲಿಯುವುದನ್ನು ಬಿಟ್ಟನೇ ಎಂದರೆ, ಇಲ್ಲ, ಹೊಟ್ಟೆ ಕೇಳಬೇಕಲ್ಲ. ಬಳಚಿನಲ್ಲಿ ದಾರ ಪೂರಾ ನಿಂತಿತೇ ಎಂದರೆ ಅದೂ ಇಲ್ಲ. ಗಿಳಿಹಸಿರು ಮಾತ್ರ ಮತ್ತೆ ಕಾಣಲಿಲ್ಲ.

ಕೈ ನಡುಗಲು ಶುರುವಾದ ಮೇಲೆ ಮಗಳು ಮಾಲತಿ ಅವನನ್ನು ಭಟ್ಕಳದ ಕಡೆಯ ಕಾಯ್ಕಿಣಿಗೆ ತನ್ನ ಮನೆಗೆ ಕರೆದುಕೊಂಡು ಹೋದಳು. ಮಾದೇವಿ ಬಳಚಿನ ಸುಕ್ಕಾ ಡಬ್ಬಿಗೆ ಹಾಕಿಕೊಂಡು ಬಸ್ಸು ಹತ್ತಿ ನೋಡಲು ಹೋದಳು. ಮಂಚದಲ್ಲಿ ಕೂತು ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿ ತಿಂದ, ಡಬ್ಬಿಯ ತಳ ನೆಕ್ಕಿದ.

"ಮಾದೇವಿ, ಒಂದು ಕೆಲ್ಸ ಹೇಳ್ತೆ, ಆಗೂದಿಲ್ಲ ಅನ್ಬೇಡ" ಎಂದ. ಕಣ್ಣಲ್ಲಿ ತುಂಟತನ ಇನ್ನೂ ಇತ್ತು. "ನಾ ಹೋದ್ಮೇಲೆ ಬೂದಿ ಅಘನಾಶಿನಿಗೇ ಬಿಡಿ ಅಂತ ಮಾಲತಿಗೆ ಹೇಳಿದ್ದೆ. ಆದ್ರೆ ಮೇಲೆ ಹೊದಿಸೂ ಬಿಳಿ ಬಟ್ಟೆ ಅದೆಯಲ್ಲ, ಈಗ ಅದೂ ಮಿರಿಮಿರಿ ಬಂದದೆ, ಸುಟ್ರೆ ಅದ್ರ ಗುಂಡೂ ಬೂದಿ ಜೊತೆ ಹೊಳೆಗೇ. ಇವರಿಗೆ ಗೊತ್ತಾಗೂದಿಲ್ಲ. ನೀ ಬಂದೇ ಬರ್ತೆ."

"ಥೂ, ಎಂತ ಮಾತು ಶಾಂತಣ್ಣಾ!"

"ಮಾತು ಕೇಳು ಮೊದ್ಲು. ಹೊದಿಸೂಕ್ಕೂ ಮುಂಚೆ ಅಂಚಿನ ಒಂದು ಎಳೆ ಎಳಿ. ಕಡ್ಡಿ ಗೀರಿ ನೋಡು. ಗುಂಡು ಕಟ್ಟಿದ್ರೆ, ಯಾರು ತಂದದ್ದೇ ಆಗ್ಲಿ, ಅಂಗಡಿಗೆ ವಾಪಸ್ ಕೊಟ್ಟು ಕಳ್ಸು. ಬೂದಿ ಆದ್ರೆ ಹೊದಿಸು. ಆತಾ?"