ಗೋಡೆಯಾಚೆಯಿಂದ ಕಾಣುತ್ತಿದ್ದ ಕಳ್ಳಿ

ಸಿಂಧನೂರಿನ ಗೊಬ್ಬರ-ಔಷಧಿ ಅಂಗಡಿಯೊಂದರಲ್ಲಿ ನಾನು ಸಂಬಳಕ್ಕಿದ್ದೇನೆ. ಕಂಪನಿಯವರು ಒಂದು ದಿನ ತರಬೇತಿ ಕೊಟ್ಟು, ಊಟ ಹಾಕಿ, ಟೋಪಿ ಕೊಟ್ಟು ಕಳಿಸಿದಾಗಿನಿಂದ ಅರ್ಧ ವಿಜ್ಞಾನಿಯಾಗಿದ್ದೇನೆ. ಮನೆಯಲ್ಲಿ ಯಾರೂ ಒಪ್ಪಿಲ್ಲ. ಹಾಗಾಗಿ ಗೊರೇಬಾಳದ ನಮ್ಮ ಖಬರಸ್ತಾನ ನೋಡಿಕೊಳ್ಳುವ ಜಿಲಾನಿಸಾಬ್ ಕಳೆ ಸಾಯಿಸುವ ಎಣ್ಣೆ ಕೇಳಿಕೊಂಡು ಬಂದಾಗ ನನ್ನ ಭಾಷಣ ಕೇಳಲು ಒಬ್ಬರು ಸಿಕ್ಕರಲ್ಲ ಎಂದು ಖುಷಿಯಾಯಿತು. ಮೊಣಕಾಲು ಕೈಕೊಟ್ಟಿದ್ದರಿಂದ ಅವರಿಗೆ ಕೂತು ಹುಲ್ಲು ಕೀಳುವುದು ಆಗುತ್ತಿರಲಿಲ್ಲ.

"ಚಾಚಾ, ಭತ್ತದಾಗ ಹೊಡಿಯೋ ಎಣ್ಣಿ ಕಳೆ ಕೊಂದು ಭತ್ತ ಬಿಡ್ತೈತಿ. ಇದು ಹಂಗಲ್ಲ, ಹಸರು ಕಂಡದ್ದೆಲ್ಲಾ ಸುಡ್ತೈತಿ. ಗಾಳಿ ಇಲ್ಲದ ಹೊತ್ತು ಹೊಡೀರಿ. ಮಕ್ತುಂಬೀ ಖಾಲಾನ ಕಳ್ಳಿ ಸುತ್ತ ಮಾತ್ರ ಬ್ಯಾಡ, ಯಾರನ್ನರ ಹಚ್ಚಿ ಕೈಲೆ ಕೀಳಸ್ರಿ. ಕಳ್ಳಿ ಮ್ಯಾಲೆ ಏನಾರ ಹೊಚ್ಚಿರಿ."

"ಹೊಚ್ತೀನಪಾ ಸೈಂಟಿಸ್ಟ್ ಸಾಬ್. ಅಷ್ಟೂ ತಿಳಿಯಂಗಿಲ್ಲೇನು ನನಗ?"

ಆ ಪಾಪಸುಕಳ್ಳಿಯ ವಿಷಯ ಊರಿಗೆಲ್ಲ ಗೊತ್ತು. ಮಕ್ತುಂಬೀ ಜವಳಗೇರಾದಿಂದ ನಮ್ಮೂರಿಗೆ ಮದುವೆಯಾಗಿ ಬಂದವಳು, ಗದ್ದೆಯಲ್ಲಿ ಕಳೆ ಕೀಳುವ ಕೂಲಿಯವಳು. ಸಾಲು ಹಿಡಿದರೆ ಉಳಿದ ಹೆಂಗಸರು ಅವಳ ಹಿಂದೆಯೇ ಉಳಿಯುತ್ತಿದ್ದರಂತೆ. ಒಬ್ಬನೇ ಮಗ ಇಶ್ತಿಯಾಕ್ ಶಾಲೆಗೆ ಹೋಗುವ ವಯಸ್ಸಿನಲ್ಲೇ ಜ್ವರದಿಂದ ತೀರಿಕೊಂಡ. ನಮ್ಮಲ್ಲಿ ಹೆಂಗಸರು ಖಬರಸ್ತಾನದ ಒಳಗೆ ಕಾಲಿಡುವುದಿಲ್ಲ, ಗೋಡೆಯಾಚೆ ನಿಂತು ದುವಾ ಮಾಡುತ್ತಾರೆ. ಮಣ್ಣಿನ ಗೋರಿ ಅಲ್ಲಿಂದ ಕಾಣುವುದಿಲ್ಲ, ಮಳೆಗೆ ಕುಸಿದು ಗುರುತೂ ಉಳಿಯುವುದಿಲ್ಲ. ಹೂವಿನ ಗಿಡ ನೆಟ್ಟರೆ ಆಡು ಬಿಡುವುದಿಲ್ಲ. ಅದಕ್ಕೇ ಅವಳು ಬದುವಿನ ಮೇಲಿಂದ ಒಂದು ಕಳ್ಳಿ ಮುರಿದು ತಂದು, ಗೋಡೆ ಮೇಲಿಂದ ಜಿಲಾನಿಸಾಬರ ಕೈಗೆ ಕೊಟ್ಟು, ಮಗನ ತಲೆಯ ಕಡೆ ಊರಿಸಿದ್ದಳು. ಅದು ಗೋಡೆಗಿಂತ ಎತ್ತರ ಬೆಳೆಯಿತು. ಗಂಡ ಹೋದ ಮೇಲೆ ಅವಳು ತವರಿಗೆ ಮರಳಿದಳು. ಆದರೂ ವರ್ಷಕ್ಕೊಮ್ಮೆ, ಸತ್ತವರಿಗಾಗಿ ದುವಾ ಮಾಡುವ ಶಬೇ ಬರಾತ್‌ಗೆ ಬಸ್ಸಿಳಿದು ಬಂದು, ಆ ಕಳ್ಳಿ ನೋಡುತ್ತಾ ಸಂಜೆಯ ತನಕ ನಿಲ್ಲುತ್ತಿದ್ದಳು.

ಜಿಲಾನಿಸಾಬ್ ಮಾತಿನಂತೆ ಹೊಚ್ಚಿದರು. ಆದರೆ ಎಣ್ಣೆ ಹೊಡೆಯುವಾಗ ಲುಂಗಿ ನೆನೆಯದಿರಲೆಂದು ನಮ್ಮ ಕಡೆ ಎಲ್ಲರೂ ಕಟ್ಟಿಕೊಳ್ಳುವ ಹಾಗೆ ಸೊಂಟಕ್ಕೆ ಯೂರಿಯಾ ಚೀಲ ಕಟ್ಟಿಕೊಂಡಿದ್ದರು. ಕಳ್ಳಿಯ ಹತ್ತಿರ ಬಂದಾಗ ಅದನ್ನೇ ಬಿಚ್ಚಿ, ಎಣ್ಣೆಯಲ್ಲಿ ತೊಯ್ದ ಮಗ್ಗುಲು ಒಳಗಾಗಿ ಹೊದಿಸಿಬಿಟ್ಟರು. ಮುಳ್ಳಿಗೆ ಸಿಕ್ಕಿಕೊಂಡ ಚೀಲ ಮರುದಿನದ ತನಕ ಅಲ್ಲೇ ಇತ್ತು. ಎಲೆಗೆ ಹಿಡಿಯಲೆಂದು ಎಣ್ಣೆಗೆ ಅಂಟು ಬೇರೆ ಬೆರೆಸಿದ್ದರು. ಹುಲ್ಲು ವಾರದಲ್ಲಿ ಒಣಗಿತು. ಕಳ್ಳಿ ತಿಂಗಳವರೆಗೆ ಹಸಿರಾಗಿಯೇ ನಿಂತಿತು. ಆಮೇಲೆ ಹಳದಿಯಾಗಿ, ಮೆತ್ತಗಾಗಿ, ಒಂದೊಂದೇ ತುಂಡಾಗಿ ಕಳಚಿ ಬಿತ್ತು. ನಾತ ತಡೆಯದೆ ಜಿಲಾನಿಸಾಬ್ ಅದನ್ನು ಬುಡಸಹಿತ ಕಿತ್ತು ಸುಟ್ಟರು, ನೆಲ ಸಮ ಮಾಡಿದರು.

ಈ ಸಲದ ಶಬೇ ಬರಾತ್‌ಗೆ ಮಕ್ತುಂಬೀ ಬಂದಾಗ ನಾನೂ ಅಲ್ಲಿದ್ದೆ. ಗೋಡೆ ಹಿಡಿದು ಆ ಕಡೆ ಈ ಕಡೆ ನೋಡಿದಳು.

"ಭಾಯ್, ನನ್ನ ಕಳ್ಳಿ ಎಲ್ಲೈತಿ?"

ಜಿಲಾನಿಸಾಬ್ ನನ್ನ ಮುಖ ನೋಡಿದರು. ನಾನು ಅಂಗಡಿಯ ಗಲ್ಲೆಯ ಹಿಂದೆ ನಿಂತವನಂತೆ ಚೀಲ, ಅಂಟು, ಎಣ್ಣೆ ಎಂದು ಎಲ್ಲ ಬಿಡಿಸಿ ಹೇಳಿದೆ. ವಿವರಣೆ ಚೆನ್ನಾಗಿಯೇ ಇತ್ತು. ಯಾರಿಗೂ ಬೇಕಿರಲಿಲ್ಲ.

"ಈ ಎಣ್ಣಿ ಬಂದ ಮ್ಯಾಲೆ ನಮಗ ಗದ್ದ್ಯಾಗ ಕೆಲಸ ಹೋತು, ಬೇಟಾ," ಎಂದಳು ಅವಳು. "ಇಲ್ಲಿ ಒಳಗ ಬಿಟ್ಟಿದ್ರ ಇಷ್ಟೂ ಹುಲ್ಲು ನಾನೇ ಕೈಲೆ ಕಿತ್ತು ಕೊಡ್ತಿದ್ನಲ್ಲ."

ಜಿಲಾನಿಸಾಬ್ ತಲೆ ತಗ್ಗಿಸಿದರು. "ಇನ್ನೊಂದು ಕಳ್ಳಿ ಊರ್ತೀನಿ, ಬೆಹೆನ್."

"ಅದು ಬೆಳದು ಗ್ವಾಡಿ ದಾಟೂತನಾ ನಾ ಇರಬೇಕಲ್ಲ, ಭಾಯ್. ಈಗ ನನ್ನ ಕೂಸು ಎಲ್ಲೈತಿ, ಅಷ್ಟು ತೋರಸು."

ಅವರು ಒಳಗೆ ಹೋದರು. ಒಂದು ಕಡೆ ನಿಂತರು, ತಲೆಯಾಡಿಸಿದರು, ಪಕ್ಕಕ್ಕೆ ಸರಿದರು. ಮತ್ತೆ ಮೊದಲಿನ ಜಾಗಕ್ಕೇ ಬಂದರು. ಬಾಗಿದ ಬೆನ್ನಿನ ಅವರು ಗೋಡೆಯಾಚೆಗೆ ಕಾಣುತ್ತಲೂ ಇರಲಿಲ್ಲ. "ಜಾಹೀದ್, ನೀ ಬಾರಪ್ಪ," ಎಂದು ಕರೆದು ನನ್ನನ್ನು ನಿಲ್ಲಿಸಿದರು. ನನ್ನನ್ನು ಬಗ್ಗಿಸಿ ಕಿವಿಯಲ್ಲಿ, "ಇಲ್ಲೇ ಅನಸ್ತೈತಿ," ಎಂದರು.

"ಕೈ ಎತ್ತು ಬೇಟಾ," ಆಚೆಯಿಂದ ಮಕ್ತುಂಬೀ ಕೂಗಿದಳು. ಎತ್ತಿದೆ.

"ಒಂಚೂರು ಈ ಕಡಿ ಸರಿ." ಸರಿದೆ. "ಇನ್ನಾ." ಮತ್ತೆ ಸರಿದೆ. ಅವಳು ಬಹಳ ಹೊತ್ತು ನೋಡಿದಳು.

"ಸಾಕು," ಎಂದಳು.

ಗುರುತು ಸಿಕ್ಕಿತೋ, ಹುಡುಕುವುದೇ ಸಾಕಾಯಿತೋ, ಕೇಳುವ ಧೈರ್ಯವಾಗಲಿಲ್ಲ. ಸೆರಗು ತಲೆಗೆ ಎಳೆದುಕೊಂಡು ಅವಳು ನನ್ನ ಕಡೆಗೇ ಅಂಗೈ ಒಡ್ಡಿ ದುವಾ ಶುರುಮಾಡಿದಳು. ಹುಡುಗನನ್ನು ಎಲ್ಲಿ ತುಳಿಯುತ್ತೇನೋ ಎಂದು ನಾನು ತುದಿಗಾಲಿನಲ್ಲಿ ನಿಂತೇ ಇದ್ದೆ.